ಬಂಡಿಯ ಹಿಂದಿನ ಸಾಲು

"ನೆಲ್ಲಿಗಡದ ಜನರೆಲ್ಲ ಕೇಳಿ. ಹೋದ ಬೇಸಗೆಯಲ್ಲಿ ಹೆಬ್ಬಾವು ಕಣಿವೆಯ ಹಳ್ಳಕ್ಕೆ ಅರಮನೆಯ ಬಂಡಿ ಮಗುಚಿ ಎಳೆಯ ಯುವರಾಜರು ತೀರಿಹೋದರು. ಬರುವ ಹುಣ್ಣಿಮೆಗೆ ದೊರೆಯ ಮನೆಮಂದಿ ಅದೇ ಕಣಿವೆ ದಾಟಬೇಕು. ಮೂರು ಹೊಸ ಬಂಡಿಗಳು ಅಂಗಳದಲ್ಲಿ ನಿಂತಿವೆ. ರಾಜಮಾತೆಯ ಮೂರು ಒಗಟು ಬಿಡಿಸಿ, ಸರಿಯಾದ ಬಂಡಿ ಆರಿಸಿಕೊಟ್ಟವನಿಗೆ ಅರ್ಧ ರಾಜ್ಯ. ತಪ್ಪಿದವನನ್ನು ಹೊರಡುವ ದಿನ ಅದೇ ಬಂಡಿಯ ಗಾಲಿಯಡಿ ಕೆಡವಲಾಗುವುದು. ಇದು ದೊರೆ ಬೊಪ್ಪರಸರ ಅಪ್ಪಣೆ."

ಡಂಗುರದವನು ಒಂದು ಸಾವನ್ನು ಮಾತ್ರ ಹೇಳಿದ. ಆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ದಾದಿ ಸಾಂತವ್ವನೂ ಅಂದು ಮುಳುಗಿ ಸತ್ತಿದ್ದಳು. ದಾದಿಯ ಸಾವಿಗೆ ಯಾವ ಅರಮನೆ ಡಂಗುರ ಹೊಡೆಸುತ್ತದೆ? ಅವಳ ಮಗಳು ಲಗುಮವ್ವನನ್ನು ಮಾರನೆಯ ತಿಂಗಳೇ ಕರೆಸಿ, ಹೊಸದಾಗಿ ಹುಟ್ಟಿದ ರಾಜಕುಮಾರಿಯನ್ನು ಕೈಗೆ ಕೊಟ್ಟರು. ಈ ಬೇಸಗೆ ತಾಯಿ ಕೂತಿದ್ದ ಹಿಂದಿನ ಸಾಲಲ್ಲಿ ಅವಳೇ ಕೂರಬೇಕು.

ರಾಜಮಾತೆ ಮಾಳಲದೇವಿ ಬಂಡಿ ಮಗುಚಿದ ದಿನದಿಂದ ಬೇರೆ ಮಾತು ಬಿಟ್ಟಿದ್ದಳು. ಮೂರು ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ.

ಅರ್ಧ ರಾಜ್ಯ ಎಂದ ಕೂಡಲೇ ಉಳ್ಳವರ ಮಕ್ಕಳು ಬಂದರು. ಗಾಲಿ ತಟ್ಟಿದರು, ಎತ್ತಿನ ಬೆನ್ನು ಸವರಿದರು, ಬಣ್ಣ ಹೊಗಳಿದರು. ಮೊದಲನೆಯ ಬಂಡಿಗೆ ಚಿನ್ನದ ಲೇಪ, ಗಟ್ಟಿ ಹಲಗೆಯ ಗೋಡೆ, ಮುಂದೊಂದೇ ಬಾಗಿಲು. ಎರಡನೆಯದು ಎತ್ತರದ್ದು, ಒಳಗೆ ಮೆತ್ತನೆ ಹಾಸು, ಪಕ್ಕದಲ್ಲಿ ಬಾಗಿಲು. ಮೂರನೆಯದಕ್ಕೆ ಬಿದಿರಿನ ಕಮಾನು, ಮುಂದೆ ತೆರೆದ ಬಾಯಿ, ಹಿಂದೆ ಅಗುಳಿ ತೆಗೆದರೆ ಕೆಳಗೆ ಬೀಳುವ ಹಲಗೆ. ಯಾರೂ ಒಳಗೆ ಹತ್ತಿ ಕೂರಲಿಲ್ಲ.

"ಬಂಡಿಗೆ ಎಲ್ಲರಿಗಿಂತ ಮೊದಲು ಹತ್ತುವವರು, ಎಲ್ಲರೂ ಇಳಿದ ಮೇಲೆ ಇಳಿಯುವವರು ಯಾರು?" ರಾಜಮಾತೆ ಕೇಳಿದಳು.

"ಬಂಡಿ ಹೊಡೆಯುವವನು," ಎಂದ ಒಬ್ಬ ಪಾಳೆಗಾರನ ಮಗ. ಮುದುಕಿ ಅಲ್ಲವೆಂದು ತಲೆಯಾಡಿಸಿದಳು. ಅವನನ್ನು ನೆಲಮನೆಯ ಸೆರೆಗೆ ಎಳೆದೊಯ್ದರು.

"ದೊರೆಯ ಕೀರ್ತಿ," ಎಂದ ಇನ್ನೊಬ್ಬ. ಅವನೂ ಹೋದ.

ಮೂರನೆಯವನು ಬೆವರುತ್ತ, "ಸಾವು," ಎಂದ. ಮುದುಕಿ ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಅಲ್ಲ ಎಂದಳು. ಅವನೂ ನೆಲಮನೆ ಸೇರಿದ. ಮತ್ತೆ ಯಾರೂ ಮುಂದೆ ಬರಲಿಲ್ಲ.

ಆಗ ಲಾಯಕ್ಕೆ ಹುಲ್ಲು ಹೊರುವ ಭರಮ ಹೊರೆ ಇಳಿಸಿ ಬಂದ. ಸಾಂತವ್ವನ ಮಗ ಅವನು. ಲಗುಮವ್ವ ಅವನ ಕೈ ಹಿಡಿದಳು.

"ತಮ್ಮಾ, ಬೇಡ. ಒಬ್ಬಳು ಹೋದದ್ದು ಸಾಲದೇ?"

"ಸುಮ್ಮನಿದ್ದರೆ ನೀನೂ ಹೋಗುತ್ತೀ ಅಕ್ಕಾ."

ಕಾವಲಿನವನು ನಕ್ಕ. "ಏನೋ, ಅರ್ಧ ರಾಜ್ಯದ ಹುಲ್ಲನ್ನೆಲ್ಲ ನೀನೇ ಹೊರುತ್ತೀಯಾ?"

ಭರಮ ರಾಜಮಾತೆಯತ್ತ ತಿರುಗಿದ. "ಮೊದಲು ಹತ್ತಿ ಕೊನೆಗೆ ಇಳಿಯುವವಳು ಹಿಂದಿನ ಸಾಲಿನವಳು, ತಾಯಿ. ಬಾಗಿಲು ಮುಂದಿದ್ದರೆ ಅವಳು ಮೊದಲು ಒಳಗೆ ಹೋಗಬೇಕು. ಎಲ್ಲರೂ ಇಳಿದ ಮೇಲೆ ಹೊರಗೆ ಬರಬೇಕು. ಬರಲು ಹೊತ್ತಿದ್ದರೆ."

ಮುದುಕಿ ಎರಡನೆಯದನ್ನು ಕೇಳಿದಳು. "ಏಳು ಜನರ ಬಂಡಿಗೆ ಏಳೇ ಜನ ಹತ್ತಿದರು. ಎಂಟನೆಯವನೊಬ್ಬ ನುಗ್ಗಿ ಜಾಗ ಹಿಡಿದ. ಅವನಿಗೆ ತಲೆಯಿಲ್ಲ, ಕಾಲಿಲ್ಲ, ಹೊಟ್ಟೆ ಮಾತ್ರ ಇದೆ. ಯಾರು?"

"ಗಂಟು. ಬಂಡಿ ಮಾಡಿದವನು ತಲೆ ಎಣಿಸುತ್ತಾನೆ, ಗಂಟು ಎಣಿಸುವುದಿಲ್ಲ. ತೊಟ್ಟಿಲು, ನೀರಿನ ಕೊಡ, ಹಾಸಿಗೆ ಸುರುಳಿ, ಎಲ್ಲವನ್ನೂ ಹಿಂದಿನವಳ ಕಾಲ ಮುಂದೆ ಒಟ್ಟುತ್ತಾರೆ."

"ಒಂದೇ ಒಂದು ಜಾಗದಲ್ಲಿ ಕೂತರೆ ಬಂಡಿಯ ಗುಣ ಗೊತ್ತಾಗುತ್ತದೆ. ಅಲ್ಲಿ ಯಾವ ದೊರೆಯೂ ಕೂತಿಲ್ಲ. ಯಾವುದದು?"

"ಅದೂ ಹಿಂದಿನ ಸಾಲೇ. ನಮ್ಮ ಕೇರಿಯಲ್ಲಿ ಬಂಡಿ ಕೊಳ್ಳುವ ಮುಂಚೆ ಮನೆಮಂದಿ, ಗಂಟು ಎಲ್ಲ ತುಂಬಿ ಹಳ್ಳದಲ್ಲಿ ಇಳಿಸಿ ನೋಡುತ್ತೇವೆ. ಕೊಳ್ಳುವ ಯಜಮಾನನೇ ಹಿಂದೆ ಕೂರಬೇಕು. ಯಾವ ಬಂಡಿ ಅಂತ ನಾನು ಹೇಳುವುದಿಲ್ಲ. ದೊರೆ ಕೂತು ನೋಡಲಿ."

ಬೊಪ್ಪರಸ ಕತ್ತಿಗೆ ಕೈ ಹಾಕಿದ. ತಾಯಿ ಅವನ ಕಡೆ ನೋಡಿದಳು. ಅವನು ಹತ್ತಿ ಹಿಂದಿನ ಸಾಲಲ್ಲಿ ಕೂತ.

ಚಿನ್ನದ ಬಂಡಿಯಲ್ಲಿ ಆಳುಗಳನ್ನು ಕೂರಿಸಿ, ಗಂಟು ಒಟ್ಟಿ, ಕುದುರೆ ತೊಳೆಯುವ ಕೊಳಕ್ಕೆ ಇಳಿಸಿದರು. ನೀರು ಅಚ್ಚಿನ ಮೇಲೆ ಬಂತು. ಬಂಡಿ ಒಂದು ಕಡೆಗೆ ವಾಲಿತು. "ಇಳಿಯಿರಿ," ಎಂದ ಭರಮ. ಮುಂದಿನವರು ಹಾರಿದರು. ನಡುವಿನವರು ತೆವಳಿ ಬಂದರು. ದೊರೆ ಬರಲಿಲ್ಲ. ಒಳಗಿನಿಂದ ಹಲಗೆ ಬಡಿಯುವ ಸದ್ದು ಬಂತು. ಕಾವಲಿನವರು ಮುನ್ನುಗ್ಗಿದಾಗ ಮುದುಕಿ ಕೈಯೆತ್ತಿ ತಡೆದಳು.

"ಹೋದ ಬೇಸಗೆಯಲ್ಲಿ ಸಾಂತವ್ವನೂ ಹೀಗೇ ಬಡಿದಳು," ಎಂದಳು. "ನಾವೆಲ್ಲ ದಡದಲ್ಲಿ ನಿಂತು ಕೇಳಿದೆವು."

ಆಮೇಲೆ ಕೈ ಇಳಿಸಿದಳು. ದೊರೆಯನ್ನು ಎಳೆದು ತಂದರು. ಅವನ ಬೆರಳ ಗಿಣ್ಣುಗಳಲ್ಲಿ ರಕ್ತವಿತ್ತು. ಎರಡನೆಯ ಬಂಡಿಯಲ್ಲಿ ಹಾಸು ಹಿತವಾಗಿತ್ತು, ಆದರೆ ವಾಲಿದ ಕಡೆಯೇ ಬಾಗಿಲಿದ್ದು ನೀರಿಗೆ ಸಿಕ್ಕಿಕೊಂಡಿತು. ಬಿದಿರಿನದು ಹಲ್ಲು ಕಟಕಟ ಎನ್ನುವಂತೆ ಕುಲುಕಿತು. ಭರಮ "ಇಳಿಯಿರಿ" ಎಂದಾಗ ದೊರೆ ಅಗುಳಿ ತಳ್ಳಿ ಎಲ್ಲರಿಗಿಂತ ಮೊದಲು ಕೊಳದ ಮೆಟ್ಟಿಲ ಮೇಲಿದ್ದ.

"ಇದೇ," ಎಂದ ಬೊಪ್ಪರಸ, ಇನ್ನೂ ಏದುಸಿರು ಬಿಡುತ್ತ. "ಅರ್ಧ ರಾಜ್ಯ ತಗೋ."

"ಅದರಲ್ಲಿ ಇರುವ ಜನ ನಿಮ್ಮ ಸ್ವತ್ತಲ್ಲ ದೊರೆ, ಕೊಡುವುದಕ್ಕೆ. ನೆಲಮನೆಯ ಮೂವರನ್ನು ಬಿಡಿ. ಅಕ್ಕ ಮುಂದೆ ಕೂರಲಿ. ಮತ್ತೊಮ್ಮೆ ಡಂಗುರ ಹೊಡೆಸಿ. ಹೋದ ಬೇಸಗೆ ಸತ್ತವರು ಇಬ್ಬರು."

ಸಂಜೆಯೊಳಗೆ ಸಾಂತವ್ವನ ಹೆಸರು ಬೀದಿಬೀದಿಯಲ್ಲಿ ಕೇಳಿಸಿತು. ಮೂವರೂ ಮನೆ ಸೇರಿದರು. ಕೋಟೆಯ ಸುತ್ತಲಿನ ಹುಲ್ಲುಗಾವಲು ಭರಮನ ಕೇರಿಗೆ ಬಂತು. ರಾಜಮಾತೆ ಹಟ ಹಿಡಿದು ಕೊಡಿಸಿದಳು.

ಹುಣ್ಣಿಮೆಯ ದಿನ ಲಗುಮವ್ವ ಮಗುವನ್ನೆತ್ತಿಕೊಂಡು ಬಂಡಿ ಹೊಡೆಯುವವನ ಬೆನ್ನಿಗೇ ಕೂತಳು. ಗಂಟುಗಳ ನಡುವೆ, ಹಿಂದಿನ ಸಾಲಲ್ಲಿ, ದೊರೆ ಕೂತಿದ್ದ. ಹೆಬ್ಬಾವು ಕಣಿವೆಯ ಹಳ್ಳ ದಾಟುವವರೆಗೂ ಅವನು ಅಗುಳಿಯ ಮೇಲಿಟ್ಟ ಕೈ ತೆಗೆಯಲಿಲ್ಲ.