ಚಿತ್ರ ತೋರಿಸಲು ಹೋದ ದೊಡ್ಡೀರ

ಹೊಂಬಾಳಮ್ಮನಿಗೆ ಒಬ್ಬನೇ ಮಗ, ದೊಡ್ಡೀರ. ಒಬ್ಬನೇ ಆಗಿದ್ದು ಊರಿನ ಪುಣ್ಯ. ಅಂಥವನು ಇನ್ನೊಬ್ಬ ಇದ್ದಿದ್ದರೆ ಊರೇ ಗಂಟುಮೂಟೆ ಕಟ್ಟುತ್ತಿತ್ತು. ಹೇಳಿದ್ದನ್ನ ಹೇಳಿದಂತೇ ಮಾಡೋ ಮಹಾ ವಿಧೇಯ! ಏಳು ಹೆಣ್ಣು ನೋಡಿಯಾಯಿತು, ಏಳೂ ಹಿಂದೆ ನೋಡದೆ ಓಡಿದವು. ಎಂಟನೆಯವಳು ಸುಗುಣ ಮಾತ್ರ ಷರತ್ತು ಹಾಕಿದಳು: "ನಮ್ಮಕ್ಕನ ಮಕ್ಕಳಿಬ್ಬರಿಗೂ ಚಿತ್ರಶಾಲೆ ತೋರಿಸಲಿ. ಮಕ್ಕಳನ್ನ ಅಳಿಸದೆ ತೋರಿಸಿದರೆ ಮದುವೆ. ಅಳಿಸಿದರೆ ದೊಡ್ಡ ನಮಸ್ಕಾರ."

ಎಲ್ಲರೂ ಹೊರಟರು. ಮಂಡಿನೋವಿನ ಹೊಂಬಾಳಮ್ಮ ಚಿತ್ರಶಾಲೆಯ ಬಾಗಿಲಲ್ಲೇ ಬೆಂಚು ಹಿಡಿದಳು, ಪಕ್ಕದಲ್ಲಿ ಸುಗುಣ.

"ಮಗಾ, ಮುಟ್ಟಬಾರದು. ಚೆನ್ನಾಗಿರೋದನ್ನ ದೂರ ನಿಂತೇ ನೋಡಬೇಕು."

"ಆಯ್ತವ್ವ!"

ಮಕ್ಕಳನ್ನ ಕರಕೊಂಡು ರಸ್ತೆ ದಾಟಿ, ಎಳನೀರು ಗಾಡಿ ಪಕ್ಕ ನಿಂತು, ಚಿತ್ರಶಾಲೆಯ ಹೊರಗೋಡೆ ನೋಡಿದ. "ಚೆನ್ನಾಗಿದೆ ಅಲ್ವ?" ಮಕ್ಕಳು ಕಿಸಕ್ಕನೆ ನಕ್ಕವು.

"ಅಯ್ಯೋ ದಡ್ಡ! ಒಳಗೆ ಹೋಗೋ! ಹತ್ತಿರ ನಿಂತು, ಇದರಲ್ಲಿ ಏನೇನು ಕಾಣ್ತದೆ ಅಂತ ಮಕ್ಕಳನ್ನ ಕೇಳೋ!" ಅವ್ವ ಬೆಂಚಿನಿಂದಲೇ ಕೂಗಿದಳು.

ಹೋದ. ಒಳಗೆ ಕಾವಲುಗಾರ ಬಾಯಿ ತೆರೆದು ಗೊರಕೆ ಹೊಡೀತಿದ್ದ. ಭಾರೀ ಕಾವಲು! ದೊಡ್ಡೀರ ಅವನ ಮುಖಕ್ಕೇ ಬಗ್ಗಿದ. "ಮಕ್ಕಳೇ, ಇದರಲ್ಲಿ ಏನೇನು ಕಾಣ್ತದೆ?"

"ಮೂಗಿನ ಕೂದಲು!" ಅಂದಳು ದೊಡ್ಡವಳು.

"ಹುಳುಕು ಹಲ್ಲು!" ಅಂದ ಚಿಕ್ಕವನು.

ಕಾವಲುಗಾರ ಬಾಗಿಲ ತನಕ ಅಟ್ಟಿಸಿಕೊಂಡು ಬಂದ.

"ಮನುಷ್ಯರನ್ನಲ್ಲವೋ ಮಂಕೇ! ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿರ್ತಾರಲ್ಲ, ಅದರೊಳಗಿರೋರು ನಿಂತಂಗೇ ನಿಂತು ತೋರಿಸೋ! ಮಕ್ಕಳಿಗೆ ಆಟ ಆಗ್ತದೆ."

ಹೋದ. ರಾಜ, ರಾಣಿ, ಆನೆ ಎಲ್ಲ ದಾಟಿ, ಗೋಡೆಗೆ ಚೌಕಟ್ಟು ಸಮೇತ ನೇತುಹಾಕಿದ್ದ ಅರಮನೆ ಕಾಲದ ನಿಲುವುಗನ್ನಡಿ ಮುಂದೆ ನಿಂತ. ಇವನು ಕೈ ಎತ್ತಿದರೆ ಅವನೂ ಎತ್ತಿದ. ಇವನು ತಲೆ ಕೆರೆದರೆ ಅವನೂ ಕೆರೆದ. "ಲೋ, ನೀನು ಮೊದಲು ನೆಟ್ಟಗೆ ನಿಲ್ಲೋ! ನಿನ್ನ ನೋಡಿ ನಾನು ನಿಲ್ಲಬೇಕು!" ಅರ್ಧ ಗಂಟೆ ಜಗಳ. ಮಕ್ಕಳು ಹೊರಳಾಡಿ ನಕ್ಕು, ಕಣ್ಣೀರು ಸುರಿಸಿಕೊಂಡು ಹೊರಗೆ ಬಂದವು.

"ಅಳಿಸೇಬಿಟ್ಟೆಯಲ್ಲೋ!" ಹೊಂಬಾಳಮ್ಮ ಎದೆ ಹಿಡಿದುಕೊಂಡಳು.

"ಇಲ್ಲ ಅತ್ತೆ, ಇದು ನಗು," ಅಂದಳು ಸುಗುಣ. "ಒಂದೇ ಒಂದು ಚಿತ್ರ ನೋಡಲಿಲ್ಲ, ಅದು ಬೇರೆ ಮಾತು. ಅಳಲಿಲ್ಲವಲ್ಲ, ನನಗೆ ಒಪ್ಪಿಗೆ."

ತಾಯಿ ಕೈಮುಗಿದಳು. "ಮಗಾ, ಇನ್ನು ನಾನು ಹೊಸದೇನೂ ಹೇಳಲ್ಲ. ಇವತ್ತು ಎಲ್ಲಕ್ಕಿಂತ ಮೊದಲು ಹೇಳಿದ್ದನ್ನ ನೆನಪಿಟ್ಟುಕೊ, ಸಾಕು!"

ನೆನಪಿಟ್ಟುಕೊಂಡ.

ಮದುವೆ ದಿನ ಬಂತು. ಗಟ್ಟಿಮೇಳ ಮೊಳಗಿತು. "ಕಟ್ಟಪ್ಪ ತಾಳಿ!" ಅಂದರು ಪುರೋಹಿತರು. ದೊಡ್ಡೀರ ಸುಗುಣಳನ್ನ ನೋಡಿದ. ಚೆನ್ನಾಗಿದ್ದಳು, ಬಲು ಚೆನ್ನಾಗಿದ್ದಳು! ಸರಿ, ಮಂಟಪ ಇಳಿದು ಹತ್ತು ಹೆಜ್ಜೆ ದೂರ ನಿಂತ. ಅರಿಶಿನ ದಾರಕ್ಕೆ ಗಂಟು ಹಾಕಿದ. ಗುರಿಯಿಟ್ಟು ಎಸೆದ.

ತಾಳಿ ಪುರೋಹಿತರ ಕೊರಳಿಗೆ ಬಿತ್ತು!

"ನೋಡವ್ವಾ," ಅಂದ ದೊಡ್ಡೀರ, ಎದೆ ಉಬ್ಬಿಸಿ, "ಮುಟ್ಟಲೇ ಇಲ್ಲ!"