ಮೂರನೆಯ ಹತ್ತು ಮಣಿ

ಪೂಜ್ಯ ಸಂತಿಯಾಗು ಸ್ವಾಮಿಯವರು ಊರಿನ ಕ್ರೈಸ್ತ ದೇವಾಲಯದ ಹಿಂದೆ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಬೆಳಗಿನ ಬಲಿಪೂಜೆ ಮುಗಿಸಿ ಬಾಗಿಲಲ್ಲಿ ಚಾಪೆ ಹಾಸಿ, ಇಕ್ಕಳ, ತಂತಿ ಹಿಡಿದು ಊರವರ ಹರಿದ ಜಪಮಾಲೆಗಳನ್ನು ಸರಿಮಾಡುತ್ತಾ ಕೂರುತ್ತಿದ್ದರು. ದೊಡ್ಡ ಗುರುಗಳಿಗೆ ಇದೆಂಥ ಕೆಲಸ ಎಂದು ಯಾರಾದರೂ ಕೇಳಿದರೆ ನಕ್ಕು ಮುಂದಿನ ಕೊಂಡಿ ಕೂಡಿಸುತ್ತಿದ್ದರು.

ಒಂದು ಸೋಮವಾರ ಇನ್ನಾಸಪ್ಪ ಬಂದ. ಹೆಂಡತಿ ಆರೋಗ್ಯಮ್ಮ ತೀರಿಹೋಗಿ ವರ್ಷವಾಗಿತ್ತು. ಅವಳ ಜಪಮಾಲೆಯನ್ನು ಸ್ವಾಮಿಯವರ ಮುಂದಿಟ್ಟ.

"ಯಾರಿಗಾದ್ರೂ ಕೊಟ್ಬಿಡಿ ಸ್ವಾಮಿ. ನಮ್ಮನೇಲಿ ಇನ್ನು ಜಪ ಇಲ್ಲ."

ಪಾಪ, ಅವನ ಸಂಕಟವೂ ಸುಳ್ಳಲ್ಲ. ಜಪಮಾಲೆಯಲ್ಲಿ ಹತ್ತು ಹತ್ತು ಮಣಿಯ ಐದು ಭಾಗ; ಒಬ್ಬರು ಜಪ ಹೇಳಿದರೆ ಉಳಿದವರು ಉತ್ತರ ಕೊಡುವರು. ಆ ಮನೆಯಲ್ಲಿ ಸಂಜೆ ಜಪಕ್ಕೆ ಕೂತರೆ ಮೊದಲ ಹತ್ತು ಮಣಿ ಇನ್ನಾಸಪ್ಪನದು, ಎರಡನೆಯದು ಮಗ ರಾಯಪ್ಪನದು, ಮೂರನೆಯದು ಆರೋಗ್ಯಮ್ಮನದು. ಉಳಿದೆರಡನ್ನು ಎಲ್ಲರೂ ಸೇರಿ ಹೇಳುವರು. ಅವಳು ತೀರಿಕೊಂಡ ವಾರವೇ ಸೊಸೆ ಲೂರ್ದಮ್ಮ, ಜಪ ನಿಲ್ಲಬಾರದೆಂದು ಮೂರನೆಯದನ್ನು ತಾನೇ ಎತ್ತಿಕೊಂಡಳು. "ಅದು ನಿಮ್ಮತ್ತೇದು, ಬಾಯ್ಮುಚ್ಚು!" ಎಂದು ಇನ್ನಾಸಪ್ಪ ಎದ್ದುಬಿಟ್ಟ. ಅಂದಿನಿಂದ ಜಪವೂ ಇಲ್ಲ, ನಗುವೂ ಇಲ್ಲ. ಮದುವೆಯಾಗಿ ಬಂದ ಹೆಣ್ಣು ಮಾವನ ಎದುರು ಉಸಿರೂ ಜೋರಾಗಿ ಬಿಡುತ್ತಿರಲಿಲ್ಲ.

ಸ್ವಾಮಿಯವರು ಆರೋಗ್ಯಮ್ಮನ ಮಾಲೆಯಲ್ಲಿ ತುಂಡಾಗಿದ್ದ ಕೊಂಡಿಯನ್ನು ಕೂಡಿಸಿದರು.

"ಸಂಜೆ ಮನೆಗೆ ಬರ್ತೀನಿ. ಎಲ್ಲರೂ ಇರಲಿ" ಎಂದಷ್ಟೇ ಹೇಳಿದರು.

ಸಂಜೆ ಬಂದು ನೆಲದ ಮೇಲೆಯೇ ಕುಳಿತರು. ಪ್ರತಿ ಹತ್ತು ಮಣಿಗೂ ಯೇಸುವಿನ ಬಾಳಿನ ಒಂದೊಂದು ಘಟನೆಯನ್ನು, ಒಂದೊಂದು ರಹಸ್ಯವನ್ನು, ನೆನೆಯುವುದು ವಾಡಿಕೆ; ಸೋಮವಾರ ಸಂತೋಷದ ರಹಸ್ಯಗಳ ದಿನ. ಇನ್ನಾಸಪ್ಪ ತನ್ನ ಪಾಲು ಹೇಳಿದ, ರಾಯಪ್ಪ ಹೇಳಿದ. ಮೂರನೆಯದಕ್ಕೆ ಬಂದಾಗ ಸ್ವಾಮಿಯವರು ಆರೋಗ್ಯಮ್ಮನ ಜಪಮಾಲೆಯನ್ನು ಸೊಸೆಯತ್ತ ಚಾಚಿದರು.

"ಹೇಳು ಮಗಳೇ."

ಇನ್ನಾಸಪ್ಪ ಕೈ ಅಡ್ಡ ತಂದ. "ಸ್ವಾಮಿ, ಅದು ಅವಳದು..."

"ಇನ್ನಾಸಪ್ಪಾ, ಆರೋಗ್ಯಮ್ಮ ಈಗ ದೇವಮಾತೆಯ ಎದುರಿಗೇ ಕೂತಿದ್ದಾಳೆ. ಅವಳಿಗೆ ಮಣಿ ಬೇಕಿಲ್ಲ. ಈ ಮಗಳಿಗೆ ಬೇಕು."

ಅವನು ಕೈ ಹಿಂದೆಗೆದ. ಲೂರ್ದಮ್ಮ ಮಾಲೆ ತೆಗೆದುಕೊಂಡು ಮೂರನೆಯ ರಹಸ್ಯವನ್ನು ಸಾರಿದಳು: ಗೋದಲಿಯಲ್ಲಿ ಬಾಲಯೇಸುವಿನ ಜನನ. ಮಣಿಗೊಮ್ಮೆ ದೇವಮಾತೆಗೆ ಹೇಳುವ ನಮೋ ಮರಿಯ ಜಪದಲ್ಲಿ 'ಉದರದ ಫಲ' ಎಂಬಲ್ಲಿಗೆ ಬಂದವಳೇ ಮುಂದೆ ಹೇಳಲಾಗದೆ ಬಿಕ್ಕಿ ಬಿಕ್ಕಿ ಅತ್ತಳು.

ರಾಯಪ್ಪ ನೆಲ ನೋಡುತ್ತಾ ಹೇಳಿದ: "ಅಪ್ಪಾ, ಇವಳಿಗೆ ಮೂರು ತಿಂಗಳು. ನಿಮ್ಮ ಮುಖ ನೋಡಿ ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಅಯ್ಯೋ ದೇವರೇ! ತನ್ನ ಮನೆಯಲ್ಲೇ ಇಂಥ ಸಂತೋಷ ತನಗೆ ಹೆದರಿ ಬಚ್ಚಿಟ್ಟುಕೊಂಡಿತ್ತೇ! ಇನ್ನಾಸಪ್ಪನಿಗೆ ಎದೆ ಒಡೆದಂತಾಯಿತು, ನಾಚಿಕೆಯಾಯಿತು. ವರ್ಷದಿಂದ ಬತ್ತಿದ್ದ ಕಣ್ಣು ತುಂಬಿ ಹರಿಯಿತು. ಸೊಸೆಯ ತಲೆಯ ಮೇಲೆ ಕೈಯಿಟ್ಟು, "ತಪ್ಪಾಯ್ತವ್ವಾ. ನೀನೇ ಹೇಳು, ನಾನು ಉತ್ತರ ಕೊಡ್ತೀನಿ" ಎಂದ. ಸ್ವಾಮಿಯವರು ಶಿಲುಬೆಯ ಗುರುತು ಮಾಡಿ ಆಶೀರ್ವದಿಸಿದರು.

ಅಂದಿನಿಂದ ಸಂಜೆ ಎಲ್ಲರಿಗಿಂತ ಮೊದಲು ಚಾಪೆ ಹಾಸುವವನು ಇನ್ನಾಸಪ್ಪನೇ. ಸಕಾಲಕ್ಕೆ ಹೆಣ್ಣುಮಗು ಹುಟ್ಟಿತು. ನಾಲ್ಕನೆಯ ಹತ್ತು ಮಣಿ ಅದರದ್ದೆಂದು ಅವನೇ ಗೊತ್ತುಮಾಡಿದ. ಅದಕ್ಕೆ ಮಾತು ಬರುವವರೆಗೂ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಪಾಲನ್ನು ತಾನೇ ಹೇಳುತ್ತಿದ್ದ.