ಅರ್ಜಿ ಬರೆಯುವವನ ಕಾದಂಬರಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನಮ್ಮ ಜನರ ಬಗ್ಗೆ ಒಂದು ಕಾದಂಬರಿ ಬರೆಯಬೇಕೆಂದಿದ್ದೇನೆ. ಆದರೆ ಪರದೇಶದ ದೊರೆಗಳು ಇದ್ದಷ್ಟು ಕಾಲ ನಾನು ಅವರ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದೆ. ನಮ್ಮವರು ಹೇಳಿದ್ದನ್ನು ಅವರ ನುಡಿಗೆ, ಅವರು ಗದರಿದ್ದನ್ನು ನಮ್ಮ ನುಡಿಗೆ ತಿರುಗಿಸಿ ಅನ್ನ ತಿಂದೆ. ಈಗ ಬರೆಯಲು ಕೂತರೆ ಆ ವರ್ಷಗಳೇ ಅಡ್ಡ ಬರುತ್ತವೆ. ಅವನ್ನು ಬಿಟ್ಟು ಬರೆಯುವ ದಾರಿ ಯಾವುದು?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಅರ್ಜಿ ಬರೆಯುವವನೊಬ್ಬನಿದ್ದ. ದೊರೆಗಳ ಕಚೇರಿಯ ಎದುರು, ಹುಣಸೆಮರದ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದ. ಓದುಬರಹ ಬಾರದವರು ಬಂದು ತಮ್ಮ ಕಷ್ಟ ಹೇಳುವರು. ಅವನು ದೊರೆಗೆ ಬೇಕಾದಷ್ಟನ್ನು ಆರಿಸಿ ಬರೆಯುವನು, ಉಳಿದದ್ದನ್ನು ಬಿಡುವನು. "ಅದೆಲ್ಲ ಬೇಡಮ್ಮ, ದೊರೆಗೆ ಹೊತ್ತಿಲ್ಲ" ಎನ್ನುವ ಮಾತು ಅವನ ಬಾಯಲ್ಲಿ ಸದಾ ಇರುತ್ತಿತ್ತು.

ಅವನ ಬಳಿಗೆ ವರ್ಷಕ್ಕೊಮ್ಮೆ ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಗಂಡನನ್ನು ದೊರೆಗಳು ತಮ್ಮ ಯುದ್ಧಕ್ಕೆಂದು ಹಡಗು ಹತ್ತಿಸಿದ್ದರು. ಅವನು ತಿರುಗಿ ಬರಲಿಲ್ಲ. ಸತ್ತನೆಂಬ ಕಾಗದವೂ ಬರಲಿಲ್ಲ. ಅವಳು ಗಂಡನ ನಗು, ಸಿಟ್ಟು, ಹುಡುಗಾಟ ಎಲ್ಲವನ್ನೂ ಹೇಳುವಳು. ಇವನು ಬರೆಯುವನು: "ಸದರಿ ಅರ್ಜಿದಾರಳ ಗಂಡ, ಎತ್ತರ ಐದೂವರೆ ಅಡಿ, ಎಡ ಹುಬ್ಬಿನ ಮೇಲೆ ಗಾಯದ ಗುರುತು, ಪತ್ತೆ ಇಲ್ಲ." ಹದಿನಾಲ್ಕು ಅರ್ಜಿ ಹೋದವು. ಒಂದಕ್ಕೂ ಉತ್ತರ ಬರಲಿಲ್ಲ.

ಕೊನೆಗೆ ದೊರೆಗಳೇ ಹೋದರು. ಕಚೇರಿಯ ಮೇಲೆ ಬೇರೆ ಬಾವುಟ ಹಾರಿತು. ಇನ್ನಾದರೂ ನಮ್ಮವರ ಕತೆಯನ್ನು ನಮಗಾಗಿ ಬರೆಯಬೇಕು ಎಂದು ಅರ್ಜಿಯವನಿಗೆ ಅನ್ನಿಸಿತು. ಆ ಹೆಂಗಸಿನ ಗಂಡನನ್ನೇ ಇಟ್ಟುಕೊಂಡು ಎರಡು ವರ್ಷ ಕಾದಂಬರಿ ಬರೆದ. ಮುಗಿದ ಮೇಲೆ ಅವಳನ್ನು ಕರೆಸಿದ. ಅವಳು ಹೌದೆಂದರೆ ಅಚ್ಚಿಗೆ, ಇಲ್ಲವೆಂದರೆ ಒಲೆಗೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಅವಳು ಆಗಲೇ ಮುದುಕಿಯಾಗಿದ್ದಳು. ಗಂಡನ ಕತೆ ಎಂದೊಡನೆ ಸೆರಗು ಸರಿಮಾಡಿಕೊಂಡು ಕೂತಳು. ಅವನನ್ನು ಕಂಡಿದ್ದವರೆಲ್ಲ ತೀರಿಕೊಂಡಿದ್ದರು. ಇನ್ನು ಅವಳೂ ಹೋದರೆ, ಅಂಥವನೊಬ್ಬ ಇದ್ದ ಎಂದು ಹೇಳುವವರೇ ಇರಲಿಲ್ಲ.

ಅರ್ಜಿಯವನು ಓದಿದ: "ಸದರಿ ಹಳ್ಳಿಯಲ್ಲಿ ಒಬ್ಬ ರೈತನಿದ್ದನು. ಅವನು ದಿನವೂ ಮುದ್ದೆ ಉಣ್ಣುತ್ತಿದ್ದನು. ಮುದ್ದೆಯೆಂದರೆ ರಾಗಿಯ ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಉಂಡೆ ಕಟ್ಟಿದ ಒಂದು ಆಹಾರ."

ಮುದುಕಿ ನಕ್ಕುಬಿಟ್ಟಳು. "ಏನಯ್ಯಾ, ನಲವತ್ತು ವರ್ಷ ಮುದ್ದೆ ಕಟ್ಟಿದವಳಿಗೆ ಮುದ್ದೆ ಅಂದರೇನು ಅಂತ ಹೇಳಿಕೊಡ್ತೀಯಾ?"

"ತಿಳಿಯದವರೂ ಓದ್ತಾರಲ್ಲಮ್ಮ."

"ಯಾರು ತಿಳಿಯದವರು? ಗಂಟುಮೂಟೆ ಕಟ್ಟಿಕೊಂಡು ಹೋದರಲ್ಲ, ಅವರಾ? ಅವರಿಗೇನೋ ಹೊತ್ತಿರಲಿಲ್ಲ, ಬಿಡು. ನಿನಗೀಗ ಹೊತ್ತಿದೆಯಲ್ಲ, ನಾನು ಹೇಳಿದ್ದೆಲ್ಲ ಎಲ್ಲಿ? ಅವನು ಅರ್ಧ ಮುದ್ದೆ ಉಂಡು ಅರ್ಧ ಎತ್ತಿಗೆ ಕದ್ದು ಕೊಡ್ತಿದ್ದದ್ದು? ನಾನು ಬೈದರೆ ಎತ್ತಿನ ಹಿಂದೆ ಅವಿತುಕೊಂಡು, ಎತ್ತೇ ಮಾತಾಡಿದ ಹಾಗೆ ನನಗೆ ತಿರುಗಿ ಬೈತಿದ್ದದ್ದು? ಹದಿನಾಲ್ಕು ಸಲ ಹೇಳಿದ್ದೀನಿ ಕಣಯ್ಯಾ. ನೀನು ಹುಬ್ಬಿನ ಗಾಯ ಒಂದು ಬರೆದೆ. ನಾನೇನು ಆ ಗಾಯದ ಜೊತೆ ಬಾಳಿದೆನಾ?"

ಅರ್ಜಿಯವನು ಮನೆಗೆ ಹೋಗಿ ಒಲೆಯ ಮುಂದೆ ಕೂತ. ಕಚೇರಿ ನನ್ನ ಕೈಯನ್ನೇ ಕೆಡಿಸಿಬಿಟ್ಟಿತು ಎಂದು ಅತ್ತ. ಮೊದಲ ಹಾಳೆಯನ್ನು ಬೆಂಕಿಗೆ ಹಾಕಿದ. ಎರಡನೆಯದನ್ನು ಹಾಕುವಾಗ ಎತ್ತಿನ ಹಿಂದೆ ಅವಿತವನು ನೆನಪಾಗಿ ನಗು ಬಂತು. ಅವಳು ಅದನ್ನು ಮೊದಲ ಸಲ ಹೇಳಿದಾಗಲೂ ಅವನು ಹೀಗೇ ನಕ್ಕಿದ್ದ. ನಕ್ಕು, ಬೇಡಮ್ಮ ಎಂದಿದ್ದ. ಆ ನೆನಪಿನ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಯಾರದೋ ಬೈಗುಳ, ಯಾವುದೋ ಹಸುವಿನ ಹೆಸರು, ಬೇಲಿ ಜಗಳದ ನಡುವೆ ಯಾರೋ ಹೇಳಿದ ಮಗಳ ಮದುವೆ ಸುದ್ದಿ. ಇಪ್ಪತ್ತು ವರ್ಷ ಕೈ ಬಿಟ್ಟದ್ದನ್ನು ಕಿವಿ ಬಿಟ್ಟಿರಲಿಲ್ಲ.

ಬೆಳಗಾದ ಮೇಲೆ ಅವನು ಮನೆಗೆ ಬೀಗ ಹಾಕಿದ. ಅರ್ಜಿ ಬರೆಸಿದವರ ಹಳ್ಳಿಗಳಿಗೆಲ್ಲ ನಡೆದ. "ಅವತ್ತು ನಾನು ಬೇಡ ಅಂದೆನಲ್ಲ, ಅದನ್ನು ಹೇಳಿ" ಎಂದ. ಕೆಲವರು ಹೇಳಿದರು. ಕೆಲವರು ನಾಯಿ ಬಿಟ್ಟರು. ನಾಯಿ ಬಿಟ್ಟದ್ದನ್ನೂ ಬರೆದುಕೊಂಡ.

ಮೂರು ವರ್ಷದ ಮೇಲೆ ಮುದುಕಿಯ ಮನೆಗೆ ಹೋಗಿ ಮತ್ತೆ ಓದಿದ. ಈ ಸಲ ಅವಳು ಓದಲು ಬಿಡಲಿಲ್ಲ. "ತಾಳು ತಾಳು, ಎತ್ತು ಹಾಗೆ ಬೈತಿರಲಿಲ್ಲ" ಎಂದು ಪುಟಪುಟಕ್ಕೂ ಜಗಳ ತೆಗೆದಳು. ಅವನು ಅಲ್ಲೇ ತಿದ್ದಿದ. ಸಂಜೆಯಾದರೂ ಪುಸ್ತಕ ಅರ್ಧಕ್ಕೆ ಬಂದಿರಲಿಲ್ಲ. ಮುದುಕಿ ಎದ್ದು ಒಲೆ ಹಚ್ಚಿದಳು. ಮನೆಯಲ್ಲಿ ಇದ್ದವರು ಇಬ್ಬರು. ಅವಳು ಮೂರು ಮುದ್ದೆ ಕಟ್ಟಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅವನು ಎದ್ದು ನಿಂತು, ಬಾಗಿ, ಕೈ ಮುಗಿದು ಕೇಳಿದ: "ಹಾಗಾದರೆ ಗುರುಗಳೇ, ನ್ಯಾಯಾಲಯದಲ್ಲಿ ನಾನು ತಿರುಗಿಸದೆ ನುಂಗಿಕೊಂಡ ಮಾತುಗಳನ್ನು ಬರೆಯಬಹುದೆ? ತಮ್ಮ ಅಪ್ಪಣೆಯಾಗಬೇಕು."

ಗುರುಗಳು ನಕ್ಕು ಕೇಳಿದರು:

"ಈ ಅರ್ಜಿ ಯಾವ ದೊರೆಗಪ್ಪಾ?"